ರಾಜ ಕುಡಿದ ಚಹಾ

ಮೊನ್ನೆ ಹಳೆಯ ವಿಡಿಯೊ ಕ್ಯಾಸೆಟ್ಟೊಂದು ಕೈಗೆ ಸಿಕ್ಕಿತು. ಅದರ ಪ್ಲಾಸ್ಟಿಕ್ ವಾಸನೆಗೆ ಕೊಲ್ಲಿ ದೇಶದ ಮತ್ರಾ ಪಟ್ಟಣದಲ್ಲಿದ್ದ ನಮ್ಮ ಬಾಡಿಗೆ ಮನೆಯ ಒಂದು ಶುಕ್ರವಾರದ ಮಧ್ಯಾಹ್ನ ನೆನಪಾಯಿತು.

ಅಪ್ಪನ ತಾಯಿ ಊರಿಂದ ಬಂದು ವಾರವಾಗಿತ್ತು. ಅಜ್ಜಿ ಊರಿನ ಜಮೀನ್ದಾರರಾದ ದೊಡ್ಡ ಗುತ್ತಿನ ಮನೆಯವರು, ಅಮ್ಮ ಬಸ್ ಡ್ರೈವರನ ಮಗಳು. ಅಮ್ಮ ಮಾಡಿದ ಚಹಾವನ್ನು ಅಜ್ಜಿ ಒಂದು ದಿನವೂ ಮುಟ್ಟಿರಲಿಲ್ಲ. ತಾವೇ ಬೇರೆ ಕಾಯಿಸಿಕೊಳ್ಳುತ್ತಿದ್ದರು.

ಆ ಶುಕ್ರವಾರ ಅಪ್ಪ ತಂದ ಕ್ಯಾಸೆಟ್ಟಿನಲ್ಲಿದ್ದದ್ದು ಯುದ್ಧಕಾಲದ ಕಪ್ಪುಬಿಳುಪು ಇಂಗ್ಲಿಷ್ ಚಿತ್ರ. ರಾಜಕುಮಾರಿಯೊಬ್ಬಳು ಸಾಧಾರಣ ಪೈಲಟ್ ಒಬ್ಬನನ್ನು ಪ್ರೀತಿಸುವ ತಮಾಷೆಯ ಕಥೆ. ಅಮ್ಮ ಒಂದೊಂದೇ ಮಾತನ್ನು ಬಿಡಿಸಿ ಹೇಳುತ್ತಿದ್ದಳು, ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಕೊನೆಗೆ ರಾಜ ಆ ಪೈಲಟನನ್ನು ಅರಮನೆಗೆ ಕರೆಸಿದ. ಅಷ್ಟರಲ್ಲಿ ಟೇಪು ಮುಗಿದೇ ಹೋಯಿತು.

"ರಾಜ ಒಪ್ಪಿದನಾ ಎಂತ?" ಅಜ್ಜಿ ಕೇಳಿದರು.

ಅಮ್ಮನೂ ಆ ಚಿತ್ರ ನೋಡಿದ್ದು ಅದೇ ಮೊದಲು. ಆದರೂ ತಡವರಿಸಲಿಲ್ಲ.

"ಒಪ್ಪಿದ ಅತ್ತೆ. ಹುಡುಗನ ಮನೆಗೇ ಹೋಗಿ, ಅವನ ಅಮ್ಮ ಮಾಡಿಕೊಟ್ಟ ಚಹಾ ಕುಡಿದ."

ಅಪ್ಪ ಕೆಮ್ಮಿದರು. ಅಜ್ಜಿ ಖಾಲಿ ಪರದೆಯಿಂದ ಅಮ್ಮನ ಕಡೆ ತಿರುಗಿದರು.

"ಹಾಗಾದ್ರೆ ನಂಗೂ ಒಂದು ಲೋಟ ತಾ ಮಾರಾಯ್ತಿ. ಶುಂಠಿ ಹಾಕು."

ಅಮ್ಮ ಮನೆಯಲ್ಲಿದ್ದ ಅತಿ ದೊಡ್ಡ ಲೋಟ ಹುಡುಕಿ, ಅಂಚಿನವರೆಗೂ ತುಂಬಿಸಿ ತಂದಳು. ಅಜ್ಜಿ ಒಂದು ಹನಿಯನ್ನೂ ಉಳಿಸಲಿಲ್ಲ.