ಕಂದಕದ ಆಚೆ ಐದು ಮನೆ

“ಆನೆ ಕಂದಕದ ತೀರ್ಮಾನ ಒರುಮನದಾಗ ಅಂಗೀಕಾರವಾಯಿತು” ಎಂದು ಪಂಚಾಯತಿ ಕಾರ್ಯದರ್ಶಿ ಕುಮಾರೇಶ್ ಓದಿ ಮುಗಿಸುವುದಕ್ಕೂ ಅಂಜಮ್ಮ ಎದ್ದು ನಿಲ್ಲುವುದಕ್ಕೂ ಸರಿಹೋಯಿತು.

“ನಾನ್ ಒಪ್ಪಿಲ್ಲ,” ಅಂದಳು.

ಚಪ್ಪಾಳೆಗೆಂದು ಎತ್ತಿದ್ದ ಕೈಗಳು ಅಲ್ಲೇ ನಿಂತವು. ತಮಿಳುನಾಡಿನ ಗಡಿಯೊಳಗೆ, ಜವಳಗಿರಿ ಕಾಡಿನ ಮಗ್ಗುಲಿನ ಆ ಕನ್ನಡದ ಊರಿನಲ್ಲಿ ಗ್ರಾಮಸಭೆ ಸೇರುವ ಮೊದಲೇ ತೀರ್ಮಾನಗಳು ಸಿದ್ಧವಾಗಿರುತ್ತವೆ. ಕುಮಾರೇಶ್ ಹಿಂದಿನ ದಿನವೇ ಪುಸ್ತಕದಲ್ಲಿ ಮುದ್ದಾದ ತಮಿಳಿನಲ್ಲಿ ಬರೆದು, ಕೊನೆಗೆ ‘ಒರುಮನದಾಗ’, ಅಂದರೆ ಸರ್ವಾನುಮತದಿಂದ, ಎಂದು ಸೇರಿಸಿ ತರುತ್ತಾನೆ. ಜನ ಚಪ್ಪಾಳೆ ತಟ್ಟಿ, ರುಜು ಹಾಕಿ, ಟೀ ಕುಡಿದು ಮನೆಗೆ ಹೋಗುತ್ತಾರೆ. ಇದರಲ್ಲಿ ಮೋಸವೇನೂ ಇರಲಿಲ್ಲ. ಹಾಗೇ ನಡೆದುಬಂದಿತ್ತು, ಅಷ್ಟೆ.

ಪಂಚಾಯತಿ ಪ್ರೆಸಿಡೆಂಟ್ ರಾಮಮೂರ್ತಿ ನಕ್ಕ. “ಏನಮ್ಮಾ ಅಂಜಮ್ಮ, ಆನೆ ಬಂದು ರಾಗಿ ತಿನ್ಲಿ ಅಂತೀಯಾ?”

“ರಾಗಿ ಉಳೀಲಿ ಅಣ್ಣಾ. ನಾವೂ ಉಳೀಬೇಕಲ್ಲ? ನೀವು ಕಂದಕ ತೋಡ್ಸೋದು ಹಳ್ಳದ ಈ ದಡದಾಗೆ. ನಮ್ ದೊಡ್ಡಿಯ ಐದು ಮನೆ ಇರೋದು ಆ ದಡದಾಗೆ. ಈ ಕಡೆ ಬರಾಕಾಗ್ದಿರೋ ಆನೆ ಎಲ್ಲಿಗೋಗ್ತೈತೆ? ನಮ್ ಬಾಗ್ಲಿಗೇ ಬತ್ತೈತೆ.”

“ಇನ್ನೂರು ಮನೆಗೆ ಒಳ್ಳೇದಾಗೋವಾಗ ಐದು ಮನೆಯೋರು ಒಸಿ ಸೈರಿಸ್ಕಬೇಕು ಕಣಮ್ಮಿ,” ಎಂದ ಮುಂದಿನ ಸಾಲಿನ ಮುನೀಂದ್ರ. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ರಾಗಿ ಬೆಳೆಯುವವನು ಅವನು. ಚುನಾವಣೆಯಲ್ಲಿ ರಾಮಮೂರ್ತಿಯ ಬೆನ್ನಿಗೆ ನಿಂತವನೂ ಅವನೇ.

“ನಿಮ್ಗೆ ಆಮೇಲೆ ಏನಾರ ಮಾಡಾಣ, ಈಗ ಕೂತ್ಕೊ,” ರಾಮಮೂರ್ತಿ ಸಮಾಧಾನ ಹೇಳಿದ. “ಒಬ್ರು ಬ್ಯಾಡ ಅಂದ್ರೂ ಫೈಲು ಮೇಲಕ್ಕೆ ಹೋಗಲ್ಲ. ಊರು ಒಗ್ಗಟ್ಟಾಗೈತೆ ಅಂತ ಕಾಣ್ಬೇಕು.”

ಅಂಜಮ್ಮ ಕೂರಲಿಲ್ಲ. “ಅಣ್ಣಾ, ಹೋದ್ ತಿಂಗ್ಳು ಮೂಕಂಡಪಲ್ಲಿ ಮೀಟಿಂಗಿಗೆ ನಮ್ನೆಲ್ಲ ವ್ಯಾನ್ನಾಗೆ ತುಂಬ್ಕೊಂಡೋದ್ರಲ್ಲ, ಮೈಕ್ ಹಿಡ್ಕಂಡು ಏನಂದ್ರಿ? ಪಾರ್ಲಿಮೆಂಟಾಗ್ಲಿ ಪಂಚಾಯ್ತಿಯಾಗ್ಲಿ, ಬ್ಯಾಡ ಅನ್ನೋರ ಮಾತು ಬರ್ಕಳ್ದೇ ಇರೋ ಸಭೆ ಸಭೇನೇ ಅಲ್ಲ, ಅದನ್ನ ನಮ್ ಪಾರ್ಟಿ ಪುಸ್ತಕದಾಗೇ ಅಚ್ಚಾಕ್ಸಿದೀವಿ ಅಂದ್ರಿ. ನಾನೂ ಚಪ್ಪಾಳೆ ತಟ್ಟಿದ್ದೆ.”

ಆ ಒಂದು ಸಾಲನ್ನು ಪಕ್ಷದ ಪ್ರಣಾಳಿಕೆಗೆ ಸೇರಿಸುವುದಕ್ಕೆ ರಾಮಮೂರ್ತಿ ಜಿಲ್ಲಾ ಸಮಿತಿಯಲ್ಲಿ ಎರಡು ವರ್ಷ ಗುದ್ದಾಡಿದ್ದ. ‘ನಿನ್ನ ಪುಸ್ತಕದ ಬದನೆಕಾಯಿ ಓಟು ತರಲ್ಲ’ ಅಂತ ದೊಡ್ಡವರಿಂದ ಅನ್ನಿಸಿಕೊಂಡಿದ್ದ. ಆದರೆ ಕುರ್ಚಿ ತುಂಬಿಸಲೆಂದು ಕರೆದೊಯ್ದವರಲ್ಲಿ ಒಬ್ಬಳಾದರೂ ಕಿವಿಗೊಟ್ಟು ಕೇಳಿರಬಹುದೆಂದು ಆತನಿಗೆ ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು. ಅದರ ಹಿಂದೆಯೇ, ಯಾಕೋ, ಸಂತೋಷವೂ ಆಯಿತು.

“ಕುಮಾರೇಶ್, ಆ ಒರುಮನದಾಗ ಹೊಡೆದಾಕು. ಅಂಜಮ್ಮ ಹೇಳಿದ್ನ ಬರ್ಕೊ.”

“ಬ್ಯಾಡ ಅಂದೋರ ಹೆಸ್ರು ಬರ್ಯಾಕೆ ಪುಸ್ತಕದಾಗೆ ಜಾಗ ಇಲ್ಲ ಸಾರ್. ಹನ್ನೊಂದು ವರ್ಷದಿಂದ ಬರೀತಿದೀನಿ, ಯಾರೂ ಅಂದೋರೇ ಇಲ್ಲ.”

“ಪಕ್ಕದಾಗೆ ಖಾಲಿ ಐತಲ್ಲ, ಅಲ್ಲೇ ಬರಿ.”

ಅಂಜಮ್ಮ ಹೇಳುತ್ತಾ ಹೋದಳು, ಕುಮಾರೇಶ್ ಬರೆದ. ರಾಮಮೂರ್ತಿ ಅದನ್ನು ಗಟ್ಟಿಯಾಗಿ ಓದಿಸಿದ, ಮೊದಲು ತಮಿಳಿನಲ್ಲಿ, ಆಮೇಲೆ ಕನ್ನಡದಲ್ಲಿ. ಐದು ಮನೆ. ಹತ್ತೊಂಬತ್ತು ಜನ. ಬಸುರಿ ಒಬ್ಬಳು. ದಿನಾ ಬೆಳಗ್ಗೆ ಹಳ್ಳ ದಾಟಿ ಸ್ಕೂಲಿಗೆ ಬರುವ ಮಕ್ಕಳು ನಾಲ್ಕು. ಎಲ್ಲರಿಗೂ ಗೊತ್ತಿದ್ದ ಸಂಗತಿಗಳೇ. ಆದರೆ ಪುಸ್ತಕದಿಂದ ಓದಿ ಹೇಳಿದಾಗ ಯಾರೂ ನಗಲಿಲ್ಲ.

ಮುನೀಂದ್ರ ಕತ್ತು ತುರಿಸಿಕೊಂಡ. “ಕಂದಕಾನ ದೊಡ್ಡಿ ಸುತ್ತಾಕ್ಕಂಡು ತೋಡಿದ್ರೆ ಎಷ್ಟು ಜಾಸ್ತಿ ಆಯ್ತದಲಾ ಕುಮಾರೇಶ?”

“ಮುನ್ನೂರು ಮೀಟರ್ ಆಗ್ಬೋದಣ್ಣ. ಆದ್ರೆ ಹೊಸ್ದಾಗಿ ಅಳೀಬೇಕು. ಈ ವರ್ಷ ಆಗಲ್ಲ.”

“ಅಷ್ಟೇನಾ? ಇದ್ನ ಮೊದ್ಲೇ ಹೇಳ್ಬಾರ್ದಾ!” ಎಂದ ಮುನೀಂದ್ರ.

“ಮೊದ್ಲು ಯಾರ್ ಕೇಳಿದ್ರಣ್ಣ?” ಅಂದಳು ಅಂಜಮ್ಮ.

ಮುನೀಂದ್ರ ಗೊಣಗಿದ. ಈ ಸಲವೂ ರಾಗಿ ಹೊಲದಲ್ಲಿ ಪಟಾಕಿ ಹಿಡಿದು ಅಟ್ಟಣೆ ಮೇಲೆ ಕೂರುವ ಕರ್ಮ ತಪ್ಪಲಿಲ್ಲವಲ್ಲ ಎಂದು ಹಣೆ ಚಚ್ಚಿಕೊಂಡ. “ನಾನೂ ಬತ್ತೀನಿ ಕಣ್ಲಾ, ಕಾಯಾಣ,” ಎಂದ ರಾಮಮೂರ್ತಿ. ಕಂದಕ ದೊಡ್ಡಿಯ ಆಚೆಯಿಂದಲೇ ಬರಲಿ ಅನ್ನುವವರು ಕೈ ಎತ್ತಿ ಎಂದು ಆತ ಕೇಳಿದಾಗ ಮುನೀಂದ್ರನ ಕೈಯೂ ಮೇಲಕ್ಕೆದ್ದಿತು, ಎಲ್ಲರಿಗಿಂತ ತಡವಾಗಿ. ಕುಮಾರೇಶ್ ಒಂದೊಂದೇ ಕೈ ಎಣಿಸಿ ಬರೆದುಕೊಂಡ. ಅಂಜಮ್ಮ ಧೊಪ್ಪನೆ ಕೂತು ಕಣ್ಣೊರೆಸಿಕೊಂಡಳು.

ಮುಂದಿನದು ಕೆರೆಯ ಮೀನಿನ ಹರಾಜಿನ ತೀರ್ಮಾನ. ಕುಮಾರೇಶ್ ಓದುತ್ತಾ ಬಂದು ಕೊನೆಯ ‘ಒರುಮನದಾಗ’ಕ್ಕೆ ತಡವರಿಸಿ ತಲೆಯೆತ್ತಿ ಅಂಜಮ್ಮನತ್ತ ನೋಡಿದ. ಪ್ರೆಸಿಡೆಂಟ್ ನೋಡಿದ. ಸಭೆಗೆ ಸಭೆಯೇ ತಿರುಗಿ ಅವಳನ್ನು ನೋಡಿತು.

“ನನ್ ಮಖ ಏನ್ ನೋಡ್ತೀರಪ್ಪಾ?” ಎಂದು ಅಂಜಮ್ಮ ರೇಗಿದಳು. “ಮೀನಿನ ವಿಷ್ಯದಾಗೆ ನಂದೇನೂ ಇಲ್ಲ. ನಿಮ್ಗೇನಾರ ಇದ್ರೆ ನೀವೇ ಎದ್ದು ಹೇಳಿ.”

ಹಿಂದಿನ ಸಾಲಿನಲ್ಲಿ ಮೂರು ಜನ ಒಟ್ಟಿಗೇ ಎದ್ದರು. ಯಾರು ಮೊದಲು ಮಾತಾಡಬೇಕೆಂದು ಅವರವರಲ್ಲೇ ಜಗಳ ಶುರುವಾಯಿತು.