ಎತ್ತಿ ಹಿಡಿದ ಹುಟ್ಟು

"ಅಪ್ಪಯ್ಯ ಹೋದ್ರು ಅಕ್ಕಾ. ನೀ ಬರೋತಂಕ ಇಟ್ಕೊಳಕ್ಕಾಗಲ್ಲ," ಎಂದು ಸ್ಯಾಟಲೈಟ್ ಫೋನಿನಲ್ಲಿ ತಮ್ಮ ಪೂರ್ಣೇಶ್ ಹೇಳಿದ. ಸ್ಪರ್ಧೆಯ ಹಾಯಿದೋಣಿ ನಡುಗಡಲಿನಲ್ಲಿತ್ತು. ದಡಕ್ಕೆ ಇನ್ನೂ ಹನ್ನೊಂದು ದಿನ. "ಕಾಯ್ಬೇಡಿ," ಎಂದಳು ಚೈತ್ರಾ.

ಅಪ್ಪಯ್ಯ ಹೊನ್ನೆಮರಡಿನ ಹಿನ್ನೀರಿನಲ್ಲಿ ದೋಣಿ ನಡೆಸುತ್ತಿದ್ದವರು. ಅಣೆಕಟ್ಟೆಯ ನೀರಿನಲ್ಲಿ ಮುಳುಗಿದ ತಮ್ಮ ಮನೆಯ ಮೇಲೆ ಬಂದಾಗಲೆಲ್ಲ ಹುಟ್ಟು ಎತ್ತಿ ಹಿಡಿದು, "ಕೆಳಗೆ ನಮ್ಮಮ್ಮನ ಒಲೆ ಇದೆ, ನೀರು ಕಲಕಬಾರ್ದು," ಎನ್ನುತ್ತಿದ್ದರು.

ಚೈತ್ರಾ ಹಾಯಿಯ ಹಗ್ಗ ಬಿಟ್ಟಳು; ಹಾಯಿ ಗಾಳಿ ಹಿಡಿಯದೆ ಸಡಿಲವಾಯಿತು. "ಎಂತ ಮಾಡ್ತಿದೀಯೆ? ಹಿಂದಿನವ್ರು ಬಂದೇಬಿಟ್ರು," ಎಂದು ಜೊತೆಗಾತಿ ವಂದನಾ ಹಗ್ಗಕ್ಕೆ ಕೈ ಚಾಚಿದಳು.

"ಅಪ್ಪಯ್ಯ ಹೋದ್ರು. ಒಂದು ನಿಮಿಷ ನೀರು ಕಲಕೋದು ಬೇಡ."

ವಂದನಾ ಕೈ ಹಿಂದಕ್ಕೆ ತೆಗೆದುಕೊಂಡಳು. ಹಿಂದಿದ್ದ ದೋಣಿ ಅವರನ್ನು ದಾಟಿ ಹೋಯಿತು. ಹಾಯಿ ಸುಮ್ಮನೆ ಪಟಪಟ ಬಡಿದುಕೊಳ್ಳುತ್ತಿತ್ತು. ದೋಣಿ ಮಾತ್ರ ನಿಲ್ಲಲಿಲ್ಲ. ಕಡಲ ಸೆಳೆತ ಚೈತ್ರಾಳನ್ನು ಊರಿನಿಂದ ಇನ್ನಷ್ಟು ದೂರ ಒಯ್ಯುತ್ತಲೇ ಇತ್ತು.