ಅರ್ಧ ಸ್ವರ

ಕ್ಲಾರಿನೆಟ್ಟಿನ ಮೊದಲ ಸ್ವರ ಹೊರಟದ್ದೇ ತಡ, ಮಧ್ಯಾಹ್ನದ ಕಛೇರಿಗೆ ಬಂದವರೆಲ್ಲ ಮುಖ ಕಿವುಚಿದರು. ವಯಲಿನ್ನಿನ ಇಬ್ಬರೂ ವಯೋಲದವಳೂ ಕಮಾನು ಎತ್ತಿ, ಕ್ಲಾರಿನೆಟ್ಟಿನ ಜೊತೆಗೇ ಮಂಡಿಗಳ ನಡುವಿನ ಚೆಲ್ಲೊ ನುಡಿಸುತ್ತಿದ್ದ ಹಿರಿಯರ ಕಡೆ ನೋಡಿದರು. ಕಿವಿಗೆ ಮಿಷನ್ ಹಾಕಿಕೊಂಡವರು ಅವರೊಬ್ಬರೇ ತಾನೆ!

ಅವರು ಕ್ಲಾರಿನೆಟ್‌ನವಳ ಸೋದರಮಾವ. ಅವಳಿಗೆ ಮೊದಲ ಸ್ವರ ಊದಲು ಕಲಿಸಿದವರು. ಅವಳು ತನ್ನ ಕೈಯಲ್ಲಿದ್ದ ವಾದ್ಯವನ್ನು ನೋಡಿಕೊಂಡಳು. ಅವಳು ತಂದದ್ದು ಎರಡು ಕ್ಲಾರಿನೆಟ್, ನೋಡಲು ಅವಳಿ ಮಕ್ಕಳ ಹಾಗೆ. ಒಂದು ಮಾತ್ರ ತುಸು ಉದ್ದ, ಅರ್ಧ ಸ್ವರ ಕೆಳಗೆ. ಈ ಕೃತಿಗೆ ನುಡಿಸಬೇಕಾದ ಆ ಉದ್ದನೆಯದು ಸ್ಟ್ಯಾಂಡಿನಲ್ಲೇ ನಿಂತಿತ್ತು.

ಅವಳು ಬಾಯಿ ತೆರೆಯುವಷ್ಟರಲ್ಲಿ ಮಾವ ಎದ್ದು ನಿಂತಿದ್ದರು. “ಕ್ಷಮಿಸ್ಬೇಕು, ತಪ್ಪು ನಂದು. ಈ ಹಾಳು ಕಿವೀನ ನಂಬ್ಕೊಂಡು ಕೂತೆ ನೋಡಿ!” ಸಭೆ ನಕ್ಕಿತು, ಪಾಪ ಅನ್ನಿಸಿ ಚಪ್ಪಾಳೆಯನ್ನೂ ತಟ್ಟಿತು. ಎಲ್ಲರ ಕಣ್ಣೂ ಮಾವನ ಮೇಲಿದ್ದಾಗ ಅವಳು ಸದ್ದಿಲ್ಲದೆ ಕ್ಲಾರಿನೆಟ್ ಬದಲಾಯಿಸಿಬಿಟ್ಟಳು.

ಮಾವ ಕೂತು, ಅವಳತ್ತ ಬಾಗಿ ಪಿಸುಗುಟ್ಟಿದರು: “ಇದೊಂದು ಮುಗಿಸ್ಬಿಡ್ತೀನಿ ಕಣಮ್ಮ. ಆಮೇಲೆ ಚೆಲ್ಲೊ ಮುಟ್ಟಲ್ಲ. ನಿಮ್ಮೆಲ್ರ ಮಾನ ಯಾಕೆ ಕಳೀಲಿ?”

ಕ್ಲಾರಿನೆಟ್ ಆಗಲೇ ಅವಳ ತುಟಿಗಳ ನಡುವೆ ಇತ್ತು. ಅದನ್ನು ತೆಗೆದು ಒಂದು ಮಾತು ಹೇಳಲು ಎಷ್ಟು ಹೊತ್ತು ಬೇಕಿತ್ತು? ಅವಳು ಸುಮ್ಮನೆ ತಲೆಯಾಡಿಸಿದಳು, ಉಸಿರೆಳೆದುಕೊಂಡಳು, ಊದಿದಳು. ಈ ಸಲ ಸ್ವರ ಕೂದಲೆಳೆಯಷ್ಟೂ ತಪ್ಪಲಿಲ್ಲ.